ಬೋರ್ಡ್ ಬದಲಾತು, ನಂಬರ್ ಎಲ್ಲಿ ಹೋತು?

ಬೈಲಹೊಂಗಲದಾಗ ಹಳೇ ಟ್ರ್ಯಾಕ್ಟರ್ ತಗೊಳ್ಳಾಕ ಹೋದ್ರ ಮೊದಲ ಏನ್ ನೋಡ್ತೀರಿ? ಚೆಸ್ಸಿ ನಂಬರ್. ಆರ್‌ಸಿ ಜೋಡಿ ಕೂಡ್ಲಿಲ್ಲ ಅಂದ್ರ ಕೈ ಹಚ್ಚಂಗಿಲ್ಲ. ಹಳೇ ಲ್ಯಾಪ್‌ಟಾಪ್ ತಗೊಳ್ಳುವಾಗ ಯಾಕ ನೋಡಂಗಿಲ್ರಿ?

ಅದಕ್ಕೂ ಅಂಥಾ ನಂಬರ್ ಐತಿ. ತಳದಾಗಿನ ಸ್ಟಿಕರ್ ಬರೇ ನಂಬರ್ ಪ್ಲೇಟ್ ಇದ್ದಂಗ, ಕಿತ್ತು ಬ್ಯಾರೇದು ಅಂಟಿಸಬಹುದು. ಖರೇ ಗುರುತು ಮದರ್‌ಬೋರ್ಡ್ ಮ್ಯಾಲಿನ ಸಣ್ಣ ಚಿಪ್‌ನಾಗ, ಬಯೋಸ್ (ಆನ್ ಮಾಡಿದ ಕೂಡ್ಲೇ ಮೊದಲ ಓಡೂ ಪ್ರೋಗ್ರಾಂ) ಜೋಡಿ ಕುಂತಿರ್ತೈತಿ: ಕಂಪನಿ, ಮಾಡೆಲ್, ಸೀರಿಯಲ್ ನಂಬರ್, 128 ಬಿಟ್‌ನ ಯುಯುಐಡಿ ಅನ್ನೂ ಗುರುತಿನ ಸಂಖ್ಯೆ. ವಿಂಡೋಸ್ ಹೊಸದಾಗಿ ಹಾಕಿದ್ರೂ, ಹಾರ್ಡ್ ಡಿಸ್ಕ್ ಬದಲಿಸಿದ್ರೂ ಅಳಿಯಂಗಿಲ್ಲ.

ಹಂಗಾರ ಇದನ್ನ ತಿದ್ದೂದು ತಪ್ಪಾ? ಎಲ್ಲಾ ಸಲ ಅಲ್ಲ. ಬೋರ್ಡ್ ಸುಟ್ಟು ಹೊಸಾದು ಹಾಕಿದಾಗ ಆ ನಂಬರಿನ ಜಾಗ ಖಾಲಿ ಇರಬಹುದು. ಆಗ ಕಂಪನಿ ಸರ್ವಿಸ್‌ನವರು ತಮ್ಮ ಟೂಲ್‌ನಿಂದ ನಿಮ್ಮ ಹಳೇ ನಂಬರನ್ನ ಅಲ್ಲಿ ಬರೀತಾರ. ಇದು ರಿಪೇರಿಯ ಭಾಗ, ಬರಸ್ಕೊಂಡ ಬರ್ರಿ. ಆದ್ರ ಕದ್ದ ಮಾಲು ಮುಚ್ಚಾಕ ನಂಬರ್ ಬದಲಿಸೂದು ಮೋಸ. ಫೋನಿನ 15 ಅಂಕಿಯ ಐಎಂಇಐ ತಿದ್ದಿದ್ರಂತೂ 2023ರ ದೂರಸಂಪರ್ಕ ಕಾಯ್ದೆ ಪ್ರಕಾರ 3 ವರ್ಷದವರೆಗೆ ಜೈಲು.

ಕಿತ್ತೂರು, ಸವದತ್ತಿ, ರಾಮದುರ್ಗದ ತಮ್ಮಂದಿರs, ತಂಗ್ಯಾರs, ಕಾಲೇಜಿಗಂತ ಸೆಕೆಂಡ್ ಹ್ಯಾಂಡ್ ತಗೊಳ್ತೀರಿ. ಅಪ್ಪ-ಅವ್ವ ಗೋವಿನಜೋಳ ಮಾರಿದ ರೊಕ್ಕ ಅದು. ಅಂಗಡ್ಯಾಗ ನಿಂತs ಆನ್ ಮಾಡ್ರಿ, ಎಫ್2 ಅಥವಾ ಎಫ್10 ಒತ್ತಿ ಬಯೋಸ್ ತಗೀರಿ. ಅಲ್ಲಿನ ನಂಬರ್, ಸ್ಟಿಕರ್, ಬಿಲ್ ಮೂರೂ ಕೂಡ್ತಾವೇನು ನೋಡ್ರಿ. ಖಾಲಿ ಇದ್ರ ಬೋರ್ಡ್ ಯಾವಾಗ ಬದಲಾತು ಕೇಳ್ರಿ, ರಿಪೇರಿ ಚೀಟಿ ಇಸ್ಕೊಳ್ರಿ.