ಬೆಲೆಗೆ ಬಿದ್ದ ಬೀಗ

1942ರಲ್ಲಿ ವಾಷಿಂಗ್ಟನ್ನಿನ ಬೆಲೆ ನಿಯಂತ್ರಣ ಕಚೇರಿಯಲ್ಲಿ ಕೂತು ಒಬ್ಬ ಯುವ ವಕೀಲ ಟೈರ್ ರೇಷನ್ನಿನ ಕಡತ ನೋಡುತ್ತಿದ್ದ. ಕೆಲವೇ ತಿಂಗಳಲ್ಲಿ ಆ ಕೆಲಸಕ್ಕೆ ರೋಸಿಹೋಗಿ ನೌಕಾಪಡೆ ಸೇರಿದ. ಮುಂದೆ ರಾಜಕಾರಣಿಯಾದ ಮೇಲೂ ಬೆಲೆ ನಿಯಂತ್ರಣವೆಂದರೆ ಮೂಗು ಮುರಿಯುತ್ತಿದ್ದ ಆ ವಕೀಲ, ರಿಚರ್ಡ್ ನಿಕ್ಸನ್.

ಅದೇ ನಿಕ್ಸನ್ ಅಧ್ಯಕ್ಷರಾಗಿ, 1971ರ ಆಗಸ್ಟ್ 15ರ ಭಾನುವಾರ ರಾತ್ರಿ ಟಿ.ವಿ.ಯಲ್ಲಿ ಕಾಣಿಸಿಕೊಂಡು ಇಡೀ ಅಮೆರಿಕದ ಬೆಲೆ, ಬಾಡಿಗೆ, ಸಂಬಳಗಳನ್ನು 90 ದಿನ ಇದ್ದಲ್ಲೇ ನಿಲ್ಲಿಸಿಬಿಟ್ಟರು. ಈ ಅಧಿಕಾರವನ್ನು ಹಿಂದಿನ ವರ್ಷ ಅವರ ಕೈಗಿತ್ತದ್ದು ಡೆಮಾಕ್ರಟರ ಬಹುಮತವಿದ್ದ ಸಂಸತ್ತು. ಎದುರಿಗೆ ಚುನಾವಣೆಯ ವರ್ಷ. ಸೋಮವಾರ ಷೇರುಪೇಟೆ ಜಿಗಿಯಿತು, ಜನರೂ ಭೇಷ್ ಅಂದರು.

ಅಂಥ ಹೊತ್ತಿನಲ್ಲಿ ಬೇಡ ಎಂದವರು ಒಬ್ಬರನ್ನೊಬ್ಬರು ಕಂಡರಾಗದ ಎರಡು ಬಣದವರು. ಹಣದ ಹರಿವು ಹೆಚ್ಚಿರುವಾಗ ಬೆಲೆಯನ್ನು ಅದುಮುವುದು, ಉರಿ ತಗ್ಗಿಸದೆ ಉಕ್ಕುವ ಹಾಲಿನ ಪಾತ್ರೆಗೆ ಮುಚ್ಚಳ ಒತ್ತಿದಂತೆ: ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ವಾದದ ಸಾರ ಇಷ್ಟು. ಕಾರ್ಮಿಕ ನಾಯಕ ಜಾರ್ಜ್ ಮೀನಿ ಅವರ ಸಿಟ್ಟೇ ಬೇರೆ. ಸಂಬಳ ಏರದಂತೆ ಕಾಯಲು ಮಾಲೀಕನೇ ಇದ್ದಾನೆ, ಅವನ ಲಾಭಕ್ಕೆ ಮಾತ್ರ ಯಾಕೆ ಬೀಗವಿಲ್ಲ? 90 ದಿನ ಮುಗಿದ ಮೇಲೆ ಸಂಬಳ ಏರಿಕೆಗೆ ಶೇ 5.5ರ ಮಿತಿ ಹಾಕಿದ್ದ ವೇತನ ಮಂಡಳಿಯಿಂದ 1972ರ ಮಾರ್ಚ್‌ನಲ್ಲಿ ಅವರು ಎದ್ದು ಹೊರನಡೆದರು. ನವೆಂಬರಿನಲ್ಲಿ ನಿಕ್ಸನ್ ಭರ್ಜರಿಯಾಗಿ ಗೆದ್ದರು.

ಅಲ್ಲಿಗೆ ವಿರೋಧ ಸೋತಂತೆಯೇ ಕಂಡಿತ್ತು.

ಆದರೆ ನಿಯಂತ್ರಣ ಸಡಿಲಿಸಿದೊಡನೆ ಬೆಲೆ ಏರಿತು. 1973ರ ಜೂನ್‌ನಲ್ಲಿ ಮತ್ತೆ 60 ದಿನ ಬೀಗ. ಈ ಸಲದ ಎಡವಟ್ಟು ಕೋಳಿಗೂಡಿನಲ್ಲಿ ಬಯಲಾಯಿತು. ಅಂಗಡಿಯಲ್ಲಿ ಕೋಳಿಮಾಂಸದ ಬೆಲೆ ಏರುವಂತಿಲ್ಲ. ಹೊಲದಿಂದ ನೇರ ಬರುವ ಮೆಕ್ಕೆಜೋಳ, ಸೋಯಾಗೆ ಆ ಕಟ್ಟಿಲ್ಲ. ಮೇವಿನ ಖರ್ಚು ದಿನೇದಿನೇ ಏರುತ್ತದೆ, ಸಾಕಿದ ಕೋಳಿಗೆ ಸಿಗುವ ದುಡ್ಡು ನಿಂತಲ್ಲೇ ನಿಂತಿದೆ. ಲೆಕ್ಕ ಹಾಕಿದ ಸಾಕಣೆದಾರರಿಗೆ ಮರಿ ಬೆಳೆಸುವುದಕ್ಕಿಂತ ಕೊಲ್ಲುವುದೇ ಅಗ್ಗವೆನಿಸಿತು. ಟೆಕ್ಸಸ್‌ನಲ್ಲಿ ಸಾವಿರಾರು ಮರಿಗಳನ್ನು ಪೀಪಾಯಿಗಳಲ್ಲಿ ಮುಳುಗಿಸಿದ ದೃಶ್ಯ ಟಿ.ವಿ.ಯಲ್ಲಿ ಮನೆಮನೆಗೂ ಬಂತು. ಫ್ರೀಡ್‌ಮನ್ ಅವರ ಲೇಖನಗಳನ್ನು ಓದದವರಿಗೂ ವಿಷಯ ತಿಳಿಯಿತು. ಇತ್ತ ದನ ಸಾಕುವವರು, ಬೆಲೆ ಬಿಡುಗಡೆಯಾಗಲೆಂದು ದನಗಳನ್ನು ಮಾರದೆ ಉಳಿಸಿಕೊಂಡರು, ಮಾಂಸದಂಗಡಿಗಳು ಬರಿದಾದವು.

1974ರ ಏಪ್ರಿಲ್‌ನಲ್ಲಿ, ಈ ಅಧಿಕಾರ ಕೊಟ್ಟಿದ್ದ ಕಾಯ್ದೆಯ ಅವಧಿ ಮುಗಿದಾಗ, ಅದನ್ನು ಮುಂದುವರಿಸಲು ಸಂಸತ್ತು ಒಪ್ಪಲಿಲ್ಲ. ಆ ವರ್ಷ ಬೆಲೆಗಳು ಶೇ 11ರಷ್ಟು ಏರಿದವು. ಅರಬ್ ದೇಶಗಳು ತೈಲ ಪೂರೈಕೆ ತಡೆದದ್ದರ ಹೊಡೆತವೂ ಅದರಲ್ಲಿ ಸೇರಿತ್ತು, ಎಲ್ಲ ತಪ್ಪನ್ನೂ ಬೀಗದ ತಲೆಗೆ ಕಟ್ಟುವಂತಿಲ್ಲ. 1971ರ ಆ ನಿರ್ಧಾರ ಜನಪ್ರಿಯವಾಗಿತ್ತು, ಆದರೆ ತಪ್ಪಾಗಿತ್ತು ಎಂದು ನಿಕ್ಸನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು.