ಹೇಳಿ ಹೊಡೆಯುವ ವಿದ್ಯೆ

ಕರಾಟೆ ಕ್ಲಾಸಿನ ಹೊರಗೆ ಮಕ್ಕಳಿಗಾಗಿ ಕಾದು ನಿಂತ ಅಪ್ಪ ಅಮ್ಮಂದಿರಿಗೆ ಅಲ್ಲಿನ ಒಂದು ಅಭ್ಯಾಸ ತಮಾಷೆಯಾಗಿ ಕಾಣುತ್ತದೆ. ಇಬ್ಬರು ಎದುರುಬದುರು ನಿಂತು ತಲೆಬಾಗುತ್ತಾರೆ. ಒಬ್ಬ ಬಲಗಾಲನ್ನು ಹಿಂದಕ್ಕೆ ಸರಿಸಿ, ಎಡಗೈ ಮುಷ್ಟಿಯನ್ನು ಮೊಣಕಾಲಿನ ಮೇಲೆ ತಂದು ನಿಲ್ಲಿಸಿ, ‘ಜೋದಾನ್’ ಎಂದು ಕೂಗುತ್ತಾನೆ. ಮುಖಕ್ಕೆ ಹೊಡೆಯುತ್ತೇನೆ, ಸಿದ್ಧನಾಗು ಎಂದರ್ಥ. ಆಮೇಲೆ ಒಂದೇ ಹೆಜ್ಜೆ ಮುಂದಿಟ್ಟು ಬಲಮುಷ್ಟಿ ಬೀಸುತ್ತಾನೆ. ಎದುರಿನವನು ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಎಡ ಮುಂಗೈಯಿಂದ ಆ ಏಟನ್ನು ಮೇಲಕ್ಕೆತ್ತಿ, ಅದೇ ಉಸಿರಿನಲ್ಲಿ ಹೊಡೆದವನ ಪಕ್ಕೆಯ ಹತ್ತಿರ ತನ್ನ ಮುಷ್ಟಿಯನ್ನು ತಂದು ನಿಲ್ಲಿಸುತ್ತಾನೆ. ಮುಗಿಯಿತು. ಮತ್ತೆ ಮೊದಲಿನಿಂದ.

‘ಬೀದೀಲಿ ಹೊಡೆಯೋನು ಹೀಗೆ ಹೇಳಿ ಹೊಡೀತಾನಾ?’ ಎಂದು ಪಕ್ಕದಲ್ಲಿ ನಿಂತ ಯಾರಾದರೂ ನಗುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಸದಲ್ಲ. ಕರಾಟೆಯ ಶೊಟೊಕಾನ್ ಶೈಲಿಯಲ್ಲಿ ‘ಕಿಹೊನ್ ಇಪ್ಪೊನ್ ಕುಮಿಟೆ’ ಎಂದು ಕರೆಯುವ ಈ ಜೋಡಿ ಅಭ್ಯಾಸ ಹುಟ್ಟಿದ್ದೇ ಸುಮಾರು ನೂರು ವರ್ಷದ ಹಿಂದೆ ಟೋಕಿಯೊದ ಕಾಲೇಜು ಹುಡುಗರು ಎತ್ತಿದ ಇಂಥದ್ದೇ ತಕರಾರಿನಿಂದ.

ಕರಾಟೆಯ ತವರು ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪ. ಅಲ್ಲಿ ಇದು ಬಹುಕಾಲ ಗುರುವಿನ ಮನೆಯಂಗಳದಲ್ಲಿ, ಬೆರಳೆಣಿಕೆಯ ಶಿಷ್ಯರ ನಡುವೆ ಉಳಿದಿದ್ದ ವಿದ್ಯೆ. ಅದನ್ನು ಶಾಲೆಗೆ ತಂದವರು ಇತೊಸು ಅಂಕೊ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗೆಂದೇ ಸರಳ ಕಟಾಗಳನ್ನು (ಒಬ್ಬರೇ ಮಾಡುವ, ಮೊದಲೇ ಜೋಡಿಸಿದ ವರಸೆಗಳ ಸರಣಿ) ರೂಪಿಸಿ, 1908ರಲ್ಲಿ ಹತ್ತು ಅಂಶಗಳ ಪತ್ರ ಬರೆದು, ಈ ವಿದ್ಯೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದು ವಾದಿಸಿದರು. ಶಾಲೆ ಎಂದ ಮೇಲೆ ಸಾಲು, ಎಣಿಕೆ, ಡ್ರಿಲ್ಲು ಇದ್ದದ್ದೇ. ಐವತ್ತು ಮಕ್ಕಳು ಒಟ್ಟಿಗೆ ಗಾಳಿಗೆ ಗುದ್ದುವುದನ್ನು ಒಬ್ಬ ಮೇಷ್ಟ್ರು ನೋಡಿಕೊಳ್ಳಬಹುದು. ಇಪ್ಪತ್ತೈದು ಜೋಡಿ ಪರಸ್ಪರ ಗುದ್ದಾಡುವುದನ್ನು ನೋಡಿಕೊಳ್ಳುವುದು ಬೇರೆಯೇ ಮಾತು. ಶಾಲೆಯ ಕರಾಟೆ ಒಂಟಿ ಅಭ್ಯಾಸದ ಕಡೆಗೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ.

ಇತೊಸು ಅವರ ಶಿಷ್ಯರಲ್ಲಿ ಒಬ್ಬರು ಗಿಚಿನ್ ಫುನಾಕೊಶಿ. 1868ರಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ಶಾಲಾ ಮಾಸ್ತರು. 1922ರಲ್ಲಿ ಟೋಕಿಯೊದ ವ್ಯಾಯಾಮ ಪ್ರದರ್ಶನವೊಂದಕ್ಕೆ ಒಕಿನಾವಾದ ಪರವಾಗಿ ಬಂದರು. ಜೂಡೊ ಸ್ಥಾಪಕ ಜಿಗೊರೊ ಕಾನೊ ತಮ್ಮ ಕೊಡೊಕಾನ್ ಶಾಲೆಯಲ್ಲಿ ಅವರಿಂದ ಪ್ರಾತ್ಯಕ್ಷಿಕೆ ಮಾಡಿಸಿದರು. ಹಿಂತಿರುಗಿ ಹೋಗಬೇಕಿದ್ದ ಮಾಸ್ತರು ರಾಜಧಾನಿಯಲ್ಲೇ ಉಳಿದರು. ವಯಸ್ಸು ಐವತ್ತು ದಾಟಿತ್ತು, ಕೈಯಲ್ಲಿ ಕಾಸಿರಲಿಲ್ಲ. ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಕಸ ಗುಡಿಸುವ, ಕಾವಲು ಕಾಯುವ ಕೆಲಸ ಮಾಡುತ್ತ ಅಲ್ಲಿಯೇ ಪಾಠ ಹೇಳತೊಡಗಿದರು. 1924ರಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಸಂಘ ಶುರುವಾಯಿತು. ಉಳಿದ ಕಾಲೇಜುಗಳು ಒಂದೊಂದಾಗಿ ಹಿಂಬಾಲಿಸಿದವು.

ತಕರಾರು ಶುರುವಾದದ್ದು ಇಲ್ಲಿಂದ. ಫುನಾಕೊಶಿಯವರ ಪಾಠವೆಂದರೆ ಕಟಾ. ಒಂದೇ ಕಟಾವನ್ನು ವರ್ಷಗಟ್ಟಲೆ ತಿದ್ದುವುದು. ಟೋಕಿಯೊದ ಹುಡುಗರೋ ಜೂಡೊ, ಕೆಂಡೊ ಕಂಡು ಬೆಳೆದವರು. ಜೂಡೊದಲ್ಲಿ ಎದುರಾಳಿಯ ಕಾಲರ್ ಹಿಡಿಯಬೇಕು, ಕೆಂಡೊದಲ್ಲಿ ಅವನ ತಲೆಗವಚಕ್ಕೆ ಬಿದಿರು ಕತ್ತಿಯಿಂದ ಬಾರಿಸಬೇಕು. ಇಲ್ಲಿ ಗಾಳಿಯೇ ಎದುರಾಳಿ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1920ರ ದಶಕದ ಕೊನೆಗೆ ಕೆಂಡೊದವರಂತೆ ರಕ್ಷಾಕವಚ ತೊಟ್ಟು ನೇರವಾಗಿ ಹೊಡೆದಾಡಲು ಶುರುಮಾಡಿದರು. ಗುರುಗಳಿಗೆ ಇದು ಹಿಡಿಸಲಿಲ್ಲ. ಅಲ್ಲಿ ಪಾಠ ಹೇಳುವುದನ್ನೇ ಬಿಟ್ಟರು.

ಜೋಡಿ ಅಭ್ಯಾಸ ಒಕಿನಾವಾಕ್ಕೆ ಗೊತ್ತೇ ಇರಲಿಲ್ಲ ಎಂದಲ್ಲ. ಅದೇ ದ್ವೀಪದ ಚೊಕಿ ಮೊತೊಬು ಬೀದಿ ಜಗಳಗಳಿಗೆ ಹೆಸರಾದ ಗಟ್ಟಿ ಆಳು. ಕ್ಯೋಟೊದಲ್ಲಿ ವಿದೇಶಿ ಬಾಕ್ಸರ್‌ನೊಬ್ಬನನ್ನು ನೆಲಕ್ಕುರುಳಿಸಿದ ಅವರ ಕಥೆಯನ್ನು 1925ರಲ್ಲಿ ‘ಕಿಂಗು’ ಪತ್ರಿಕೆ ಅಚ್ಚುಹಾಕಿತು. ಜೊತೆಗಿದ್ದ ಚಿತ್ರದಲ್ಲಿ ಮಾತ್ರ ಇದ್ದದ್ದು ಫುನಾಕೊಶಿಯವರ ಹೋಲಿಕೆ! ಇಬ್ಬರ ನಡುವೆ ಮೊದಲೇ ಅಷ್ಟಕ್ಕಷ್ಟೆ ಇದ್ದ ಸಂಬಂಧ ಇದರಿಂದ ಸುಧಾರಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. 1926ರಲ್ಲಿ ಮೊತೊಬು ಪ್ರಕಟಿಸಿದ ಪುಸ್ತಕದಲ್ಲಿ ಇಬ್ಬರು ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಮಾಡುವ ಕುಮಿಟೆಯ, ಅಂದರೆ ಜೋಡಿ ಕಾಳಗದ, ಹನ್ನೆರಡು ವರಸೆಗಳಿವೆ. ಕುಮಿಟೆಯ ಬಗ್ಗೆ ಅಚ್ಚಾದ ಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಫುನಾಕೊಶಿಯವರ ಪಾಳಯದಲ್ಲಿ ನಡುದಾರಿ ಹುಡುಕಿದವರು ಶಿಷ್ಯರು. ಜುಜುತ್ಸುವಿನಲ್ಲಿ ಪಳಗಿದ್ದ ಹಿರೊನೊರಿ ಒತ್ಸುಕಾ ತಮ್ಮ ಹಳೆಯ ವಿದ್ಯೆಯ ಜೋಡಿ ವರಸೆಗಳ ಮಾದರಿಯಲ್ಲಿ ಒಪ್ಪಂದದ ಕುಮಿಟೆಯನ್ನು ಕಟ್ಟಲು ನೆರವಾದರು. ಯಾರು ಹೊಡೆಯಬೇಕು, ಎಲ್ಲಿಗೆ, ಎಷ್ಟು ಸಲ ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ. ಗುರುವಿನ ಶಿಸ್ತಿಗೂ ಭಂಗವಿಲ್ಲ, ಹುಡುಗರಿಗೂ ಎದುರಿಗೆ ಜೀವಂತ ಮನುಷ್ಯ ಸಿಕ್ಕ. ಒತ್ಸುಕಾ ಮುಂದೆ ಬೇರೆಯಾಗಿ ವಾಡೊ-ರ್ಯು ಶೈಲಿ ಕಟ್ಟಿದ್ದು ಇನ್ನೊಂದು ಕಥೆ.

ಈ ಅಭ್ಯಾಸಕ್ಕೆ ಇವತ್ತಿನ ರೂಪ ಕೊಟ್ಟವರು ಫುನಾಕೊಶಿಯವರ ಮಗ ಗಿಗೊ. ವೃತ್ತಿಯಲ್ಲಿ ಎಕ್ಸ್-ರೇ ತಂತ್ರಜ್ಞ, ಬಾಲ್ಯದಿಂದಲೂ ಕ್ಷಯರೋಗಿ. ಹೆಚ್ಚು ದಿನ ಬದುಕುವುದಿಲ್ಲ ಎಂದು ಗೊತ್ತಿದ್ದವರಂತೆ ಕೆಲಸ ಮಾಡಿದರು. ಶೊಟೊಕಾನ್‌ನವರ ತಗ್ಗಿದ ಉದ್ದ ನಿಲುವು, ದೂರದಿಂದ ನುಗ್ಗುವ ಹೆಜ್ಜೆ ಅವರ ಕಾಲದ ಕೊಡುಗೆ. ಜೋಡಿ ಅಭ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದೂ ಆಗಲೇ. ಮೊದಲು ‘ಗೊಹೊನ್’: ಐದು ಹೆಜ್ಜೆ, ಐದು ಏಟು, ಐದು ತಡೆ, ಕೊನೆಗೊಂದು ಮರುಏಟು. ಆಮೇಲೆ ‘ಸಾನ್ಬೊನ್’, ಮೂರು ಹೆಜ್ಜೆ. ನಂತರ ‘ಕಿಹೊನ್ ಇಪ್ಪೊನ್’, ಒಂದೇ ಏಟು. ಅದರ ಮೇಲೆ ‘ಜಿಯು ಇಪ್ಪೊನ್’: ಎಲ್ಲಿಗೆ ಹೊಡೆಯುತ್ತೇನೆಂದು ಹೇಳಬೇಕು, ಯಾವಾಗ ಎಂದು ಹೇಳಬೇಕಿಲ್ಲ, ಇಬ್ಬರೂ ಅತ್ತಿತ್ತ ಸರಿಯುತ್ತ ಸಂದು ಹುಡುಕುತ್ತಾರೆ. ಮುಕ್ತ ಕಾಳಗ ಕಟ್ಟಕಡೆಗೆ. ಒಪ್ಪಂದದ ಷರತ್ತುಗಳು ಒಂದೊಂದಾಗಿ ಕಳಚುತ್ತ ಹೋಗುತ್ತವೆ, ಅಷ್ಟೇ. ಇವತ್ತಿಗೂ ಬೆಲ್ಟ್ ಪರೀಕ್ಷೆಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಡೆಯುತ್ತವೆ. 1939ರಲ್ಲಿ ಟೋಕಿಯೊದಲ್ಲಿ ತೆರೆದ ಫುನಾಕೊಶಿಯವರ ಶೊಟೊಕಾನ್ ಡೋಜೊ (ಅಭ್ಯಾಸ ಶಾಲೆ) 1945ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅದೇ ವರ್ಷದ ಕೊನೆಗೆ ಗಿಗೊ ತೀರಿಕೊಂಡರು. ಆಗಿನ್ನೂ ನಲವತ್ತು ತುಂಬಿರಲಿಲ್ಲ.

ಯುದ್ಧ ಮುಗಿದ ಮೇಲೆ ಫುನಾಕೊಶಿಯವರ ಹಳೆಯ ಶಿಷ್ಯರು 1949ರಲ್ಲಿ ಜಪಾನ್ ಕರಾಟೆ ಅಸೋಸಿಯೇಷನ್ ಕಟ್ಟಿದರು. ಮಸತೊಶಿ ನಕಯಾಮಾ ಅದರ ಮುಖ್ಯ ಬೋಧಕರಾದರು. ಕುಮಿಟೆಯನ್ನು ಸ್ಪರ್ಧೆಯಾಗಿಸಲು ನಿಯಮ ಬರೆದರು: ಪೂರ್ತಿ ಬಲದಿಂದ ಹೊಡೆಯಬೇಕು, ಆದರೆ ಮೈಗೆ ತಾಗುವ ಮುನ್ನ ನಿಲ್ಲಿಸಬೇಕು. ಮೊದಲ ಅಖಿಲ ಜಪಾನ್ ಚಾಂಪಿಯನ್‌ಷಿಪ್ ನಡೆದದ್ದು 1957ರ ಅಕ್ಟೋಬರ್‌ನಲ್ಲಿ. ಫುನಾಕೊಶಿ ಅದೇ ವರ್ಷದ ಏಪ್ರಿಲ್‌ನಲ್ಲಿ ನಿಧನರಾಗಿದ್ದರು. ಮುರಿದ ಕೈಯಲ್ಲೇ ಆಡಿ ಕುಮಿಟೆ ಗೆದ್ದ ಹಿರೊಕಾಜು ಕನಜಾವಾ ಮನೆಮಾತಾದರು.

ನಿಲ್ಲಿಸುವುದು ಎಷ್ಟು ಕಷ್ಟ ಎಂಬುದನ್ನು ಇಡೀ ಜಗತ್ತು ನೋಡಿದ್ದು 2021ರ ಆಗಸ್ಟ್ 7ರಂದು. ಕರಾಟೆ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದಿದ್ದ ಟೋಕಿಯೊ ಕೂಟದ ಭಾರಿ ತೂಕದ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದ. ಅವನ ಒಂದು ಒದೆ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಿತ್ತು, ಎದುರಾಳಿ ಪ್ರಜ್ಞೆ ತಪ್ಪಿ ಬಿದ್ದ. ತೀರ್ಪುಗಾರರು ಹಮೇದಿಯನ್ನು ಅನರ್ಹಗೊಳಿಸಿದರು. ಸ್ಟ್ರೆಚರ್‌ನಲ್ಲಿ ಹೊರಹೋದವನು ಚಿನ್ನ ಗೆದ್ದ. ಅನ್ಯಾಯ ಎಂದವರು ಬೇಕಾದಷ್ಟು ಜನ. ನನ್ನ ಮಟ್ಟಿಗೆ ಆ ತೀರ್ಪು ಸರಿ. ಹಿಡಿತ ತಪ್ಪಿದ ಏಟಿಗೆ ಅಂಕ ಕೊಟ್ಟಿದ್ದರೆ ನೂರು ವರ್ಷದ ಆ ಒಪ್ಪಂದವೇ ಸುಳ್ಳಾಗುತ್ತಿತ್ತು.

ನಮ್ಮಲ್ಲಿ ಕರಾಟೆಯ ಗೀಳು ಹತ್ತಿದ್ದು ಬೆಳ್ಳಿತೆರೆಯಿಂದ. 1973ರ ‘ಎಂಟರ್ ದಿ ಡ್ರಾಗನ್’ ಬ್ರೂಸ್ ಲೀಯನ್ನು ಊರೂರಿಗೆ ಮುಟ್ಟಿಸಿತು. ಅವನದ್ದು ಕರಾಟೆಯಲ್ಲ, ಚೀನಾ ಮೂಲದ ಕುಂಗ್‌ಫು ಎಂದು ಆಗ ಯಾರು ಕೇಳುತ್ತಿದ್ದರು? ಕನ್ನಡಕ್ಕೆ ಶಂಕರ್‌ನಾಗ್ ‘ಕರಾಟೆ ಕಿಂಗ್’ ಆದರು. ಅವರು ಹೋಗಿ ಮೂರು ದಶಕ ಕಳೆದರೂ ಆಟೊಗಳ ಬೆನ್ನಿನ ಮೇಲೆ ಆ ಬಿರುದು ಉಳಿದಿದೆ. ಈಗ ಕರಾಟೆ ಸಿನಿಮಾದಿಂದ ಸರ್ಕಾರಿ ಆದೇಶಕ್ಕೆ ದಾಟಿದೆ. ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ, ಒನಕೆ ಓಬವ್ವನ ಹೆಸರಿನಲ್ಲಿ ಹಾಸ್ಟೆಲ್, ವಸತಿ ಶಾಲೆಯ ಹುಡುಗಿಯರಿಗೆ ತರಬೇತಿ. ಇತೊಸು ಶಾಲೆಗೆ ತಂದ ವಿದ್ಯೆ ಸುತ್ತಿಬಳಸಿ ನಮ್ಮ ಶಾಲೆಯಂಗಳಕ್ಕೂ ಬಂತು.

ಹಾಗೆ ನೋಡಿದರೆ, ಒಪ್ಪಂದ ಮಾಡಿಕೊಂಡು ಹೊಡೆದಾಡುವುದು ನಮ್ಮ ಮಲೆನಾಡಿಗೆ ಹೊರಗಿನದ್ದಲ್ಲ. ಪಕ್ಕದ ಕೊಡಗಿನ ‘ಪರಿಯ ಕಳಿ’ಯಲ್ಲಿ ಇಬ್ಬರು ಗಂಡಸರು ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ ಹಿಡಿದು ವಾದ್ಯದ ಲಯಕ್ಕೆ ಕುಣಿಯುತ್ತ ಒಬ್ಬರ ಕಾಲಿಗೆ ಇನ್ನೊಬ್ಬರು ಬೀಸುತ್ತಾರೆ. ಏಟು ಮೊಣಕಾಲಿನಿಂದ ಕೆಳಗೇ ಬೀಳಬೇಕು, ಮೇಲೆ ಹೋಗುವಂತಿಲ್ಲ. ಬೆತ್ತದ ಬರೆ ಬೀಳುತ್ತದೆ. ಆಟ ಮುಗಿದ ಮೇಲೆ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಟೋಕಿಯೊದ ಹುಡುಗರು ಹುಡುಕಿದ ಉಪಾಯವನ್ನು ಇಲ್ಲಿಯವರು ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದರು.

ಶಿರಾಡಿ ಘಾಟಿಯ ದಿಕ್ಕಿನ ಹೆಗ್ಗದ್ದೆಯಂಥ ಮಲೆನಾಡಿನ ಊರಿಗೆ ಕರಾಟೆಯ ಈ ಜೋಡಿ ಅಭ್ಯಾಸ ಇನ್ನೊಂದು ಕಾರಣಕ್ಕೂ ಹೊಂದುತ್ತದೆ. ಈ ಸೀಮೆಯಲ್ಲಿ ಜೂನ್‌ನಿಂದ ಮಳೆ ಹಿಡಿದುಕೊಂಡರೆ ಮೈದಾನ ಎಂಬುದು ಕೆಸರುಗದ್ದೆ. ಮಕ್ಕಳನ್ನು ಸಾಲಾಗಿ ಓಡಾಡಿಸಲು ಜಾಗವೆಲ್ಲಿ? ಗೊಹೊನ್‌ಗೆ ಐದು ಹೆಜ್ಜೆ ಹಿಂದೆ ಸರಿಯಬೇಕು, ಶಾಲೆಯ ಜಗಲಿಯ ಅಗಲ ಸಾಲದು. ಇಪ್ಪೊನ್‌ಗೆ ಒಂದು ಹೆಜ್ಜೆ ಸಾಕು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗಲೂ ಜಗಲಿಯಲ್ಲಿ ಹತ್ತು ಜೋಡಿ ನಿಲ್ಲಬಹುದು. ಸಲಕರಣೆ ಬೇಡ, ಕವಚ ಬೇಡ, ಖರ್ಚಿಲ್ಲ.

ಆದರೆ ಈ ಅಭ್ಯಾಸ ಕೆಡುವುದೂ ಸುಲಭ. ಕೆಡಿಸುವವನು ತಡೆಯುವವನಲ್ಲ, ಹೊಡೆಯುವವನು. ಗೆಳೆಯನಿಗೆ ನೋವಾದೀತೆಂದು ಮುಷ್ಟಿಯನ್ನು ಕಿವಿಯ ಪಕ್ಕಕ್ಕೆ ಬಿಡುತ್ತಾನೆ, ಇಲ್ಲವೇ ಮೂಗಿನಿಂದ ಒಂದು ಗೇಣು ದೂರದಲ್ಲೇ ನಿಲ್ಲಿಸುತ್ತಾನೆ. ತಡೆಯದೆ ಸುಮ್ಮನೆ ನಿಂತಿದ್ದರೂ ತಾಗದ ಏಟು ಅದು. ಅದನ್ನು ತಡೆದು ತಡೆದು ಎದುರಿನ ಹುಡುಗಿಗೆ ತನಗೆ ಎಲ್ಲ ಬರುತ್ತದೆ ಎಂಬ ಧೈರ್ಯ ಬರುತ್ತದೆ. ಅದು ಸುಳ್ಳು ಧೈರ್ಯ, ಧೈರ್ಯವೇ ಇಲ್ಲದಿರುವುದಕ್ಕಿಂತ ಅಪಾಯ. ಸರಿಯಾದ ಏಟು ನೇರ ಮೂಗಿನ ಗೆರೆಯಲ್ಲೇ ಬರಬೇಕು, ತಡೆಯದಿದ್ದರೆ ಮುಟ್ಟುವಷ್ಟು ಅಂತರದಿಂದ ಹೊರಡಬೇಕು, ತಡೆಯಲಾಗದೆ ಹೋದರೆ ಚರ್ಮದ ಹತ್ತಿರ ನಿಲ್ಲಬೇಕು. ಈ ಮೂರೂ ಒಟ್ಟಿಗೆ ಬರಲು ಹೊಡೆಯುವವನಿಗೆ ತಡೆಯುವವನಿಗಿಂತ ಹೆಚ್ಚು ಅಭ್ಯಾಸ ಬೇಕು. ಮೊದಲೇ ಹೇಳಿ ಹೊಡೆಯುವುದು ಇದಕ್ಕಾಗಿ. ಎಲ್ಲಿಗೆ ಬರುತ್ತದೆಂದು ಗೊತ್ತಿರುವ ಏಟು ನಿಜವಾಗಿ ಬರಬಹುದು. ಗೊತ್ತಿಲ್ಲದ ಏಟನ್ನು ಕಲಿಯುವವನ ಮೇಲೆ ನಿಜವಾಗಿ ಹಾಕಿದರೆ ಮೊದಲ ವಾರವೇ ಹಲ್ಲು ಹೋಗುತ್ತದೆ.

ಸರ್ಕಾರಿ ಶಾಲೆಯ ಮೂರು ತಿಂಗಳ ತರಬೇತಿಯಲ್ಲಿ ಇದಕ್ಕೆ ಸಮಯ ಸಾಲುವುದಿಲ್ಲ ಎಂಬುದು ತರಬೇತುದಾರರ ಅಳಲು. ಕೊನೆಯ ದಿನ ಅತಿಥಿಗಳ ಮುಂದೆ ತೋರಿಸಲು ಹೆಂಚು ಒಡೆಯುವುದು, ಎತ್ತರದ ಒದೆ ಬೇಕು. ಫೋಟೊ ಅದರದ್ದೇ ಬರುವುದು. ಖಾಸಗಿ ಕ್ಲಾಸುಗಳಲ್ಲಿ ಬೆಲ್ಟಿನ ಬಣ್ಣಕ್ಕೆ ಅವಸರ, ಟೂರ್ನಮೆಂಟಿನ ಪದಕಕ್ಕೆ ಅದಕ್ಕಿಂತ ಅವಸರ. ಹಾಗಾಗಿ ಜೋಡಿ ಅಭ್ಯಾಸ ಪರೀಕ್ಷೆಗೆ ಮುಂಚಿನ ವಾರದ ಬಾಯಿಪಾಠವಾಗಿದೆ.

ನಿಮ್ಮ ಮಗಳೋ ಮಗನೋ ಕರಾಟೆಗೆ ಹೋಗುತ್ತಿದ್ದರೆ ಈ ವಾರ ಸ್ವಲ್ಪ ಬೇಗ ಹೋಗಿ ಬಾಗಿಲಲ್ಲಿ ನಿಲ್ಲಿ. ಒದೆ ಎಷ್ಟೆತ್ತರ ಹೋಗುತ್ತದೆ ಎಂದು ನೋಡಬೇಡಿ. ಜೋಡಿ ಅಭ್ಯಾಸದಲ್ಲಿ ಹೊಡೆಯುವವರ ಮುಷ್ಟಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಿ. ಕಿವಿಯ ಪಕ್ಕಕ್ಕೆ ಹೋಗುತ್ತಿದ್ದರೆ, ಮುಂದಿನ ತಿಂಗಳ ಫೀಸು ಕಟ್ಟುವ ಮೊದಲು ಮಾಸ್ಟರ್ ಹತ್ತಿರ ಒಂದು ಮಾತಾಡಿ.