ಎಮಿನೆಮ್ ಎಂದರೆ ಬರೀ ಬೈಗುಳವಲ್ಲ: ಒಬ್ಬ ಅಭಿಮಾನಿಯ ಸಮರ್ಥನೆ

"ಅಯ್ಯೋ, ಆ ಬೈಗುಳದ ಹಾಡುಗಾರನಾ?" ಎಮಿನೆಮ್ ನನಗಿಷ್ಟ ಎಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ತಪ್ಪಿಲ್ಲ. ಈ ಅಮೆರಿಕನ್ ರ‍್ಯಾಪರ್ ಹಾಡುಗಳಲ್ಲಿ ಬೈಗುಳವಿದೆ, ಹಿಂಸೆಯಿದೆ, ಹೆಣ್ಣುಮಕ್ಕಳ ಬಗ್ಗೆ, ಸಲಿಂಗಿಗಳ ಬಗ್ಗೆ ಕೇಳಲಾಗದ ಮಾತುಗಳಿವೆ. ಆದರೂ ನಾನು ಅವರ ಅಭಿಮಾನಿ. ಯಾಕೆ ಗೊತ್ತೇ?

ನಪಾಸಾದ ಹುಡುಗನ ಪದಸಂಪತ್ತು

ಎಮಿನೆಮ್ ನಿಜನಾಮ ಮಾರ್ಷಲ್ ಮ್ಯಾಥರ್ಸ್. 1972ರಲ್ಲಿ ಹುಟ್ಟಿ, ಡೆಟ್ರಾಯಿಟ್‌ನಲ್ಲಿ ಬಡತನದಲ್ಲೇ ಬೆಳೆದವರು. ಒಂಬತ್ತನೇ ತರಗತಿಯಲ್ಲಿ ಮೂರು ಬಾರಿ ನಪಾಸಾಗಿ 17ನೇ ವಯಸ್ಸಿಗೆ ಶಾಲೆ ಬಿಟ್ಟರು. ಆದರೆ ಪದಗಳು ಕೈಬಿಡಲಿಲ್ಲ. ಸಾಲಿನ ಕೊನೆಯಲ್ಲಷ್ಟೇ ಅಲ್ಲ, ನಡುನಡುವೆಯೂ ಮೂರು ನಾಲ್ಕು ಅಕ್ಷರಗಳ ಪ್ರಾಸ ಹೆಣೆಯುವುದು ಅವರ ವೈಖರಿ. ಪ್ರಾಸದ ರುಚಿ ಬಲ್ಲ ಕನ್ನಡಿಗರಿಗೆ ಈ ಕಸುಬಿನ ಕಷ್ಟ ಬೇಗ ಅರ್ಥವಾದೀತು.

1999ರಲ್ಲಿ ಡಾ. ಡ್ರೇ ಬೆಂಬಲದಿಂದ ಬಂದ 'ದಿ ಸ್ಲಿಮ್ ಶೇಡಿ ಎಲ್‌ಪಿ' ಅವರನ್ನು ಮನೆಮಾತಾಗಿಸಿತು. ಮರುವರ್ಷದ ಆಲ್ಬಂ ಅಮೆರಿಕದಲ್ಲಿ ಮೊದಲ ವಾರವೇ 17 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2003ರಲ್ಲಿ '8 ಮೈಲ್' ಚಿತ್ರದ 'ಲೂಸ್ ಯುವರ್‌ಸೆಲ್ಫ್' ಆಸ್ಕರ್ ಗೆದ್ದಿತು. ಆ ಪ್ರಶಸ್ತಿ ಪಡೆದ ಮೊದಲ ರ‍್ಯಾಪ್ ಹಾಡು ಅದು.

ಅದು ವೇಷ, ಆದರೆ...

ಸ್ಲಿಮ್ ಶೇಡಿ ಎಂಬುದು ಎಮಿನೆಮ್ ಕಟ್ಟಿದ ಪಾತ್ರ. ದುಶ್ಶಾಸನನ ವೇಷ ಹಾಕಿದ ನಟನನ್ನೇ ದುಶ್ಶಾಸನ ಎನ್ನುವುದಿಲ್ಲವಲ್ಲ? ಅಭಿಮಾನಿಗಳ ವಾದ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನ್ನ ಪ್ರಕಾರ ಇದು ಅರ್ಧ ಸತ್ಯ ಮಾತ್ರ. ಹಾಡಿನಲ್ಲಿ ಬಂದ ಹೆಂಡತಿ, ತಾಯಿ ನಿಜವಾದ ಮನುಷ್ಯರು. ಅವರಿಗಾದ ನೋವನ್ನು ವೇಷದ ನೆಪದಲ್ಲಿ ತಳ್ಳಿಹಾಕಲಾಗದು.

ನಾನು ಸಮರ್ಥಿಸುವುದು ಬೇರೆಯದನ್ನು: ತಪ್ಪನ್ನು ಮೈಕ್ ಮುಂದೆಯೇ ಒಪ್ಪಿಕೊಳ್ಳುವ ಗುಣವನ್ನು. 2002ರಲ್ಲಿ ಹಾಡಿನಲ್ಲೇ ತಾಯಿಯನ್ನು ಹಿಗ್ಗಾಮುಗ್ಗಾ ಜಾಲಾಡಿದವರು, 2013ರ 'ಹೆಡ್‌ಲೈಟ್ಸ್'ನಲ್ಲಿ ಅದೇ ತಾಯಿಯ ಕ್ಷಮೆ ಕೇಳಿದರು. ಕಪ್ಪು ಜನರ ಕಲೆಯಲ್ಲಿ ತಮ್ಮ ಬಿಳಿ ಬಣ್ಣವೇ ಮಾರಾಟಕ್ಕೆ ನೆರವಾಯಿತೆಂದು 'ವೈಟ್ ಅಮೆರಿಕ'ದಲ್ಲಿ ಅವರೇ ಹಾಡಿದರು. 2007ರ ಕೊನೆಯಲ್ಲಿ ಮಾತ್ರೆಗಳ ವ್ಯಸನದಿಂದ ಸಾವಿನಂಚಿಗೆ ಹೋಗಿಬಂದದ್ದನ್ನೂ ಮುಚ್ಚಿಡಲಿಲ್ಲ. ಆಗ ಕೈಹಿಡಿದವರಲ್ಲಿ ಸಲಿಂಗಿ ಗಾಯಕ ಎಲ್ಟನ್ ಜಾನ್ ಕೂಡ ಒಬ್ಬರು. 2001ರ ಗ್ರ್ಯಾಮಿಯಲ್ಲಿ ಪ್ರತಿಭಟನೆಯ ನಡುವೆಯೂ ಎಮಿನೆಮ್ ಜತೆ ಹಾಡಿದವರು ಅವರೇ.

ಹಾಗಂತ ನಾಲಿಗೆ ಪೂರ್ತಿ ತಿದ್ದಿಕೊಂಡಿತೇ? ಇಲ್ಲ. 2018ರಲ್ಲಿ ಇನ್ನೊಬ್ಬ ರ‍್ಯಾಪರ್‌ನನ್ನು ಸಲಿಂಗಿಗಳನ್ನು ಹೀಯಾಳಿಸುವ ಪದದಿಂದಲೇ ಕರೆದರು. ಅತಿಯಾಯಿತೆಂದು ಆಮೇಲೆ ಒಪ್ಪಿಕೊಂಡರು.

ಅಭಿಮಾನಿಗೆ ಕೊಟ್ಟ ಎಚ್ಚರಿಕೆ

ಹುಚ್ಚು ಅಭಿಮಾನದ ಬಗ್ಗೆ ಎಚ್ಚರಿಸಿದವರೂ ಎಮಿನೆಮ್ ಅವರೇ. 2000ದ 'ಸ್ಟ್ಯಾನ್' ಹಾಡಿನಲ್ಲಿ ಒಬ್ಬ ಅಭಿಮಾನಿ ಪತ್ರದ ಮೇಲೆ ಪತ್ರ ಬರೆಯುತ್ತಾನೆ. ಹಾಡಿನ ಹಿಂಸೆಯನ್ನು ನಿಜವೆಂದೇ ನಂಬಿ, ಉತ್ತರ ಬರುವಷ್ಟರಲ್ಲಿ ಬಸುರಿ ಗೆಳತಿಯೊಂದಿಗೆ ತಾನೂ ಸಾಯುತ್ತಾನೆ. 'ಸ್ಟ್ಯಾನ್' ಎಂಬ ಹೆಸರು ಅತಿರೇಕದ ಅಭಿಮಾನಿ ಎಂಬ ಅರ್ಥದಲ್ಲಿ ಇಂದು ಇಂಗ್ಲಿಷ್ ನಿಘಂಟಿನಲ್ಲೂ ಇದೆ.

ಆ ಹಾಡು ಕೇಳಿದವರು ಕಣ್ಣುಮುಚ್ಚಿ ಜೈ ಎನ್ನುವುದು ಹೇಗೆ? ಹಾಡು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತೇನೆ, ಮಾತು ತಪ್ಪಾದರೆ ತಪ್ಪು ಎನ್ನುತ್ತೇನೆ. ನೀವಿನ್ನೂ ಎಮಿನೆಮ್ ಕೇಳಿಲ್ಲವೆಂದರೆ 'ಸ್ಟ್ಯಾನ್'ನಿಂದಲೇ ಶುರುಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಇಯರ್‌ಫೋನ್ ಹಾಕಿಕೊಳ್ಳಿ!